ಹದಿನೇಳನೇ ನಂಬರಿನ ಜನಸಂಖ್ಯೆ

ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವಳನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಅವಳ ಕ್ಲಾಸಿನಲ್ಲಿ ಇದ್ದವರು ಹದಿನಾರು ಮಂದಿ. ಎಲ್ಲರೂ ಹಗಲೆಲ್ಲ ದುಡಿದು, ಐದು ಗಂಟೆಗೆ ಮುಖ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುವವರು. ಪುಸ್ತಕದಲ್ಲಿ ನಾಲ್ಕೇ ಪಾಠ: ಅರ್ಥವ್ಯವಸ್ಥೆ, ರಾಜಕೀಯ, ಜನಸಂಖ್ಯೆ, ಕುಟುಂಬ. ಮೊದಲೆರಡು ಮುಗಿಯುವಷ್ಟರಲ್ಲಿ ಅರ್ಧ ಕ್ಲಾಸು ತೂಕಡಿಸಿ ಮುಗಿಸಿತ್ತು. ಲಿಫ್ಟ್ ರಿಪೇರಿಯವನೊಬ್ಬ ತನ್ನ ಗೊರಕೆಗೆ ತಾನೇ ಬೆಚ್ಚಿ ಎದ್ದು, "ಹಾಜರ್ ಮೇಡಂ" ಎಂದು ಕೂಗಿದ ದಿನ ಟೀಚರಮ್ಮ ಪುಸ್ತಕ ಮುಚ್ಚಿಟ್ಟಳು.

"ಉಳಿದ ಎರಡು ಪಾಠ ಇಲ್ಲಿ ಬೇಡ. ಹಿಂದಿನ ಬೀದಿಯಲ್ಲಿ ಇದೆಯಲ್ಲ, ವಸತಿ ಮಂಡಳಿಯ ಕಟ್ಟಡ, ಅಲ್ಲಿಗೆ ಹೋಗಿ ಕಲಿಯೋಣ," ಎಂದಳು.

ಆ ಕಟ್ಟಡದಲ್ಲಿ ನಾಲ್ಕು ಮಹಡಿ, ಅರವತ್ತನಾಲ್ಕು ಕೋಣೆ. ಒಬ್ಬೊಬ್ಬರಿಗೆ ನಾಲ್ಕು ಕೋಣೆ ಹಂಚಿಕೊಟ್ಟಳು. ಫಾರಂ ತಯಾರಿಸಿದ್ದೂ ಅವಳೇ. ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಯಾರಿಗೆ ಯಾರು ಏನಾಗಬೇಕು, ಯಾರು ದುಡಿಯುತ್ತಾರೆ, ಯಾರು ಬೇಯಿಸುತ್ತಾರೆ, ಯಾರ ಮಾತು ನಡೆಯುತ್ತದೆ. ಜನ ಮೊದಲು ಬಾಗಿಲು ಅರ್ಧ ತೆರೆದೇ ಮಾತಾಡಿದರು. ಆಗ ಟೀಚರಮ್ಮ ತಾನೇ ಕಟ್ಟಡದ ಅಂಗಳದಲ್ಲಿ ನಿಂತು, "ಇದು ಪಾಠಕ್ಕೆ ಮಾತ್ರ. ಈ ಕಾಗದ ನಮ್ಮ ಕ್ಲಾಸು ಬಿಟ್ಟರೆ ಇನ್ನೊಬ್ಬರು ನೋಡಲ್ಲ," ಎಂದು ಮಾತು ಕೊಟ್ಟಳು. ಆಮೇಲೆ ಬಾಗಿಲುಗಳು ಪೂರ್ತಿ ತೆರೆದುಕೊಂಡವು. 'ಮನೆಯ ಯಜಮಾನರು ಯಾರು?' ಎಂಬ ಪ್ರಶ್ನೆಗೆ ಎರಡನೇ ಮಹಡಿಯ ಹೆಂಗಸೊಬ್ಬಳು, "ನಲ್ಲಿ. ಅದು ಯಾವಾಗ ಬಾ ಅನ್ನುತ್ತೋ ಆವಾಗ ಎಲ್ಲಾರೂ ಏಳ್ತೀವಿ," ಎಂದು ಬರೆಸಿದ್ದಳು. ಅದನ್ನು ಓದಿ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಆ ಕಟ್ಟಡದಿಂದಲೇ ಕಾಲೇಜಿಗೆ ಬರುತ್ತಿದ್ದವಳು ಒಬ್ಬಳಿದ್ದಳು. ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಹಾಗಾಗಿ ಗುಂಡಿ ಅಕ್ಕ. ಸರ್ಟಿಫಿಕೇಟ್ ಸಿಕ್ಕಿದರೆ ಮೇಲ್ವಿಚಾರಕಿ ಮಾಡುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರು. ಹದಿನೇಳನೇ ನಂಬರಿನ ತನ್ನ ಕೋಣೆಯ ಫಾರಂ ಅವಳೇ ತುಂಬಿದಳು. ಗಂಡ, ತಾನು, ಮೂವರು ಹೆಣ್ಣುಮಕ್ಕಳು, ಅತ್ತೆ. ಒಟ್ಟು ಆರು.

ಒಂದು ಕೋಣೆಯಲ್ಲಿ ಐದು ಜನಕ್ಕಿಂತ ಹೆಚ್ಚು ಇರಬಾರದು ಎಂಬುದು ಮಂಡಳಿಯ ನಿಯಮ. ಅದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ಜನ ಇದ್ದ ಕೋಣೆಯೂ ಅಲ್ಲಿತ್ತು.

ಫಾರಂಗಳನ್ನು ಸೇರಿಸಿ, ಕೋಣೆ ನಂಬರು ಹಾಕದೆ, ಟೀಚರಮ್ಮ ದೊಡ್ಡ ಚಿತ್ರಪಟ ಬರೆಸಿದಳು. ಪ್ರಾಂಶುಪಾಲರು ಅದನ್ನು ಕಂಡು ಉಬ್ಬಿಹೋದರು. ಕಾಲೇಜಿನ ಪ್ರದರ್ಶನದಲ್ಲಿ ಬಾಗಿಲಿನ ಎದುರಿಗೇ ತೂಗುಹಾಕಿಸಿ, ವಸತಿ ಮಂಡಳಿಯ ಅಧಿಕಾರಿಯನ್ನೇ ಅತಿಥಿಯಾಗಿ ಕರೆಸಿದರು. ಅಧಿಕಾರಿ ಪಟದ ಮುಂದೆ ಬಹಳ ಹೊತ್ತು ನಿಂತರು. ಫೋನು ತೆಗೆದು ಚಿತ್ರ ಹಿಡಿದುಕೊಂಡರು.

"ನಮ್ಮ ಹತ್ತಿರಾನೇ ಇಷ್ಟು ವಿವರ ಇಲ್ಲ," ಎಂದು ಟೀಚರಮ್ಮನ ಕೈ ಕುಲುಕಿದರು. ಅವಳಿಗೆ ಖುಷಿಯಾಯಿತು. ಆ ಖುಷಿ ನೆನೆದು ಮುಂದೆ ಎಷ್ಟೋ ದಿನ ಅವಳಿಗೆ ನಾಚಿಕೆಯಾಗುತ್ತಿತ್ತು.

ಸೋಮವಾರ ಪ್ರಾಂಶುಪಾಲರು ಕರೆದು ಕಾಗದವೊಂದನ್ನು ಮುಂದಿಟ್ಟರು. ಮಂಡಳಿಯಿಂದ ಬಂದಿತ್ತು. ಗುರುವಾರದೊಳಗೆ ಅರವತ್ತನಾಲ್ಕು ಮೂಲ ಫಾರಂಗಳನ್ನೂ ಒಪ್ಪಿಸಬೇಕು.

"ಅವು ಪಾಠಕ್ಕೆ ಅಂತ ಮಾಡಿದ್ದು ಸರ್. ಜನಕ್ಕೆ ಮಾತು ಕೊಟ್ಟಿದೀನಿ."

"ಮಾತು ಕೊಟ್ಟಿದ್ದು ನೀವು. ಕಾಗದ ಬಂದಿರೋದು ಕಾಲೇಜಿಗೆ," ಎಂದರು ಪ್ರಾಂಶುಪಾಲರು. ಸ್ವರ ಏರಿಸಲಿಲ್ಲ. "ಮುಂದಿನ ತಿಂಗಳು ನಿಮ್ಮ ಕೆಲಸದ ಅವಧಿ ಮುಗಿಯುತ್ತೆ. ಮುಂದುವರಿಸೋಣ ಅಂತ ನಾನೇ ಬರೀಬೇಕು. ಸ್ವಲ್ಪ ಯೋಚನೆ ಮಾಡಿ."

ಮನೆಗೆ ಬಂದಾಗ ಅವಳ ಮುಖ ನೋಡಿಯೇ ಗಂಡ ಏನೋ ಆಗಿದೆ ಎಂದು ತಿಳಿದ. ಅವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಯಾವುದನ್ನಾದರೂ ಚೀಟಿ ನೋಡಿಯೇ ನಿರ್ಧರಿಸುವ ಸ್ವಭಾವ. ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡು, "ಬರೆದಿದ್ದು ನಿಜ ತಾನೇ? ನಿಜ ಕೊಡೋದಕ್ಕೆ ಯಾಕೆ ಹೆದರ್ತೀಯ?" ಎಂದ.

"ನಿಜ ಅಂತಾನೇ ಹೆದರಿಕೆ," ಎಂದಳು.

ಕ್ಲಾಸಿನಲ್ಲಿ ಅವಳು ಈ ವಿಷಯ ಎತ್ತಲಿಲ್ಲ. ಮಂಗಳವಾರ ಎತ್ತಬೇಕು ಎಂದುಕೊಂಡು ಹೋದಳು. ಗುಂಡಿ ಅಕ್ಕ ಮೊದಲ ಬೆಂಚಿನಲ್ಲಿ ಕೂತು, ಕಾರ್ಖಾನೆಯ ದಾರದ ತುಣುಕುಗಳನ್ನು ಸೀರೆಯಿಂದ ಹೆಕ್ಕುತ್ತಾ ನಕ್ಕಾಗ, ಟೀಚರಮ್ಮ ಹಾಜರಿ ಪುಸ್ತಕ ತೆರೆದು ಹೆಸರು ಕೂಗತೊಡಗಿದಳು. ಬುಧವಾರ ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು, ಕತ್ತರಿ ತೆಗೆದು, ಒಂದೊಂದೇ ಫಾರಂನ ತಲೆಯ ಮೇಲಿನ ಕೋಣೆ ನಂಬರನ್ನು ಕತ್ತರಿಸತೊಡಗಿದಳು. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅವಸರಕ್ಕೆ ಕತ್ತರಿ ಸೊಟ್ಟ ಸೊಟ್ಟ ಓಡಿತು. ಪಟ್ಟಿಗಳನ್ನೆಲ್ಲ ಚೀಲದ ತಳಕ್ಕೆ ತುರುಕಿ, ಮನೆಗೆ ಹೋಗಿ ಒಲೆಗೆ ಹಾಕಿದಳು.

ಗುರುವಾರ ಪ್ರಾಂಶುಪಾಲರು ಕಟ್ಟನ್ನು ತಿರುವಿ ನೋಡಿ, "ಏನಿದು, ಇಲಿ ತಿಂದ ಹಾಗಿದೆ?" ಎಂದರು.

"ಯಾರ ಮನೆ ಅಂತ ತಿಳೀಬಾರದು ಸರ್. ಅಧ್ಯಯನದ ನಿಯಮ."

ಅವರು ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಗಡುವು ಮೀರುತ್ತಿತ್ತು. ಲಕೋಟೆಗೆ ತುಂಬಿ ಕಳಿಸಿಬಿಟ್ಟರು.

ಮುಂದಿನ ಐದು ದಿನ ಟೀಚರಮ್ಮ ಊಟ ರುಚಿ ನೋಡಿ ಮಾಡಿದಳು, ಗಂಡನ ಜೊತೆ ನಗುತ್ತಾ ಮಾತಾಡಿದಳು. ಬುಧವಾರ ಕ್ಲಾಸಿಗೆ ಕಾಲಿಟ್ಟಾಗ ಗುಂಡಿ ಅಕ್ಕ ಬೆಂಚಿನಲ್ಲಿ ಕೂತಿರಲಿಲ್ಲ. ಮೇಜಿನ ಪಕ್ಕ ನಿಂತಿದ್ದಳು.

"ಟೀಚರಮ್ಮ, ಇದನ್ನ ಸ್ವಲ್ಪ ಓದಿ ಹೇಳಿ. ನಾನು ಓದಿದೆ. ನನಗೆ ಅರ್ಥ ಆಗಿದ್ದು ತಪ್ಪಿರಲಿ ಅಂತ ಆಸೆ."

ಮಂಡಳಿಯ ನೋಟಿಸು. ಹದಿನೇಳನೇ ಕೋಣೆಯಲ್ಲಿ ಮಿತಿ ಮೀರಿ ಜನ ವಾಸವಿರುವುದು ತಿಳಿದುಬಂದಿದೆ. ಶನಿವಾರ ಹತ್ತು ಗಂಟೆಗೆ ತನಿಖೆ. ಸಾಬೀತಾದರೆ ಮೂವತ್ತು ದಿನದಲ್ಲಿ ಖಾಲಿ ಮಾಡಬೇಕು. ಟೀಚರಮ್ಮ ಅದನ್ನು ಇನ್ನೊಮ್ಮೆ ಓದಿದಳು. ನಂಬರೇ ಇಲ್ಲದ ಕಾಗದದಿಂದ ಹೇಗೆ ಕಂಡುಹಿಡಿದರು? ಮರುಕ್ಷಣವೇ ಹೊಳೆಯಿತು. 'ಯಾರು ಏನು ಮಾಡುತ್ತಾರೆ' ಎಂಬ ಸಾಲಿನಲ್ಲಿ ಗುಂಡಿ ಅಕ್ಕ ಹೆಮ್ಮೆಯಿಂದ ಬರೆದಿದ್ದಳು: ಶರ್ಟಿನ ಕಾರ್ಖಾನೆ, ಮತ್ತು ಸಂಜೆ ಕಾಲೇಜಿನ ವಿದ್ಯಾರ್ಥಿನಿ. ಆ ಕಟ್ಟಡದಲ್ಲಿ ಅಂಥವಳು ಒಬ್ಬಳೇ.

ಕ್ಲಾಸಿನ ಎದುರಿಗೇ ಟೀಚರಮ್ಮ ಎಲ್ಲವನ್ನೂ ಹೇಳಿದಳು. ಕಾಗದ ಬಂದದ್ದು, ತಾನು ಸುಮ್ಮನಿದ್ದದ್ದು, ಕತ್ತರಿ.

"ನಂಬರ್ ಕತ್ತರಿಸಿದ್ರಿ. ನನ್ನ ಕತ್ತರಿಸೋದು ಮರೆತ್ರಿ," ಎಂದಳು ಗುಂಡಿ ಅಕ್ಕ. "ಕಾಗದ ಬಂದ ಸೋಮವಾರವೇ ಒಂದು ಮಾತು ಹೇಳಿದ್ರೆ ನಾವೇ ಏನಾದ್ರೂ ಮಾಡ್ಕೋತಿದ್ವಿ."

"ನಗರಸಭೆ ಸದಸ್ಯರ ಹತ್ರ ಹೋಗಿ ಅಕ್ಕ," ಎಂದ ಲಿಫ್ಟಿನವನು.

"ಹೋಗಿ ಬಂದೆ. ಮನೇಲಿ ವೋಟು ಎಷ್ಟಮ್ಮಾ ಅಂದ್ರು. ಮೂರು ಅಂದೆ. ಆರು ಜನ ಇದ್ದು ಮೂರೇನಾ ಅಂದ್ಬಿಟ್ಟು ಇನ್ನೊಬ್ಬರ ಕಡೆ ತಿರುಗಿದ್ರು."

ಶುಕ್ರವಾರ ಸಂಜೆ ಟೀಚರಮ್ಮ ಕರೆಯದಿದ್ದರೂ ಹದಿನೇಳನೇ ನಂಬರಿಗೆ ಹೋದಳು. ಉದ್ದಕ್ಕೆ ಹತ್ತು ಹೆಜ್ಜೆ, ಅಡ್ಡಕ್ಕೆ ಏಳು. ತಂತಿಗೆ ಇಳಿಬಿಟ್ಟ ಪರದೆ, ಅದರಾಚೆ ಎರಡಂತಸ್ತಿನ ಮಂಚ. ಒಲೆಯ ಪಕ್ಕ ನೀರಿನ ಡ್ರಮ್ಮು. ಅದರ ಮುಚ್ಚಳವೇ ಮಕ್ಕಳಿಗೆ ಬರೆಯುವ ಮೇಜು. ಗುಂಡಿ ಅಕ್ಕನ ಗಂಡ ಶೀತಲ ಗೋದಾಮಿನ ಕಾವಲುಗಾರ, ಮಾತು ಕಡಿಮೆ. ಅವನು ಗೋಡೆಗೆ ಒರಗಿ ಕೂತಿದ್ದ. ಮೂವರು ಹುಡುಗಿಯರು ಒಂದೇ ಮಂಚದ ಮೇಲೆ ಕಾಲು ಜೋತುಬಿಟ್ಟುಕೊಂಡಿದ್ದರು. ಯಾರೂ ಕೋಣೆಯ ಒಂದು ಮೂಲೆಯತ್ತ ನೋಡುತ್ತಿರಲಿಲ್ಲ. ಆ ಮೂಲೆಯಲ್ಲಿ ಗುಂಡಿ ಅಕ್ಕನ ಅತ್ತೆ ಕೂತಿದ್ದಳು. ನಲವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಬಲಗೈ ಎಡಗೈಗಿಂತ ದಪ್ಪವಾಗಿತ್ತು.

"ಎಣಿಸಿ ಎಣಿಸಿ ಕೊನೆಗೆ ನನ್ನ ಹತ್ರ ಬಂದು ನಿಂತ್ರಾ?" ಎಂದಳು ಮುದುಕಿ. "ಯಾಕೆ ಎಲ್ಲಾರೂ ಸೂರು ನೋಡ್ತೀರಿ? ಹೆಚ್ಚಾಗಿರೋದು ನಾನೇ ತಾನೇ?"

"ಹಾಗಲ್ಲಮ್ಮ," ಎಂದ ಮಗ. "ಎರಡು ದಿನ ಅಕ್ಕನ ಮನೇಲಿ..."

"ನಿಮ್ಮಕ್ಕನ ಮನೇಲಿ ಬಾಗಿಲ ಹಿಂದೆ ಮಲಗಿಸ್ತಾರೆ. ಬಾಗಿಲು ತೆಗೆದಾಗಲೆಲ್ಲ ನಾನು ಏಳಬೇಕು. ಎರಡು ದಿನ ಆದ್ಮೇಲೆ? ಪುನಃ ತನಿಖೆಗೆ ಬಂದ್ರೆ? ಆಗ ಯಾವ ಬಾಗಿಲು?"

ಗುಂಡಿ ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. "ಅತ್ತೆ ಎಲ್ಲಿಗೂ ಹೋಗಲ್ಲ. ನಾನು ಕಾರ್ಖಾನೆಗೆ ಹೋದಾಗ ಈ ಮೂರನ್ನೂ ಸಾಕಿದ್ದು ಅವರು," ಎಂದಳು. ಆದರೆ ಮಾತಿನಲ್ಲಿ ಬಲವಿರಲಿಲ್ಲ. ಮೂವತ್ತು ದಿನದಲ್ಲಿ ಬೇರೆ ಕೋಣೆ ಸಿಗುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ಬಾಗಿಲಲ್ಲಿ ಒಬ್ಬರು ಕೆಮ್ಮಿದರು. ಇಪ್ಪತ್ತೆರಡನೇ ನಂಬರಿನ ಲೇತ್ ಮಾಮ. ಕಬ್ಬಿಣ ಕಡೆಯುವ ಯಂತ್ರದ ಮೇಲೆ ಜೀವಮಾನ ಕಳೆದು ನಿವೃತ್ತರಾದವರು. ಹೆಂಡತಿ ತೀರಿಹೋಗಿ ಆರು ವರ್ಷ. ಒಬ್ಬರೇ ಇರುವವರನ್ನು ಕೋಣೆ ಬಿಡಿಸಿ ಹಾಸ್ಟೆಲಿಗೆ ಹಾಕುತ್ತಾರೆಂದು, ಯಾರು ಕೇಳಿದರೂ ಹೆಂಡತಿ ತವರಿಗೆ ಹೋಗಿದ್ದಾಳೆ ಎನ್ನುತ್ತಿದ್ದರು. ಸಮೀಕ್ಷೆಗೆ ಬಂದ ಹುಡುಗಿಗೆ ಮಾತ್ರ, ಪಾಠಕ್ಕೆ ತಾನೇ ಎಂದು, 'ಒಂದು' ಅಂತ ನಿಜ ಬರೆಸಿದ್ದರು.

"ನಿಮ್ಮಲ್ಲಿ ಒಬ್ಬರು ಜಾಸ್ತಿ, ನಮ್ಮಲ್ಲಿ ಒಬ್ಬರು ಕಮ್ಮಿ," ಎಂದರು ಮಾಮ, ಒಳಗೆ ಬರದೆ. "ನಾಳೆ ಮಟ್ಟಿಗೆ ನಮ್ಮಲ್ಲಿ ಬಂದಿರಲಿ. ಅಕ್ಕ ಅಂತ ಬರೆಸ್ತೀನಿ."

ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕನಾ? ನಿನ್ನ ತಲೆ ನೋಡ್ಕೋ. ಕನ್ನಡಿ ಇಲ್ವಾ ನಿಮ್ಮನೇಲಿ? ತಂಗಿ ಅಂತ ಬರೆಸು."

ಆ ಸಂಜೆ ಮೊದಲ ಸಲ ಹುಡುಗಿಯರು ನಕ್ಕರು. ಟೀಚರಮ್ಮನಿಗೆ ನಗು ಬರಲಿಲ್ಲ. ಮಾಮನ ಫಾರಂ ಕೂಡ ಆ ಲಕೋಟೆಯಲ್ಲೇ ಹೋಗಿತ್ತು.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ತನಿಖೆಯವಳು ಬಂದಳು. ಗಡಸು ಮುಖದ ಗಂಡಸೊಬ್ಬ ಬರುತ್ತಾನೆ ಎಂದು ಎಲ್ಲರೂ ಎಣಿಸಿದ್ದರು. ಬಂದದ್ದು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಕುಡಿಯಲು ನೀರು ಕೇಳಿದಳು. ಮೆತ್ತಗಿನ ಮಾತು. ಅದರಿಂದ ಭಯ ಹೆಚ್ಚೇ ಆಯಿತು.

ಅವಳು ಜನರನ್ನು ಎಣಿಸಲೇ ಇಲ್ಲ. ಹಾಸಿಗೆ ಎಣಿಸಿದಳು. ತಟ್ಟೆ ಎಣಿಸಿದಳು, ಆರನೆಯದು ಹಿಟ್ಟಿನ ಡಬ್ಬಿಯೊಳಗೆ ಹೂತುಹೋಗಿತ್ತು. ಚಪ್ಪಲಿ ಎಣಿಸಿದಳು. ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಗೂಡಿನಲ್ಲಿದ್ದ ಲೋಟದತ್ತ ಬಾಗಿದಳು. ಟೀಚರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಆಗಲೇ ಕಂಡಿತು.

"ಬ್ರಶ್ ಆರಿದೆಯಲ್ಲ?"

"ಒಂದು ಹಳೇದು ಮೇಡಂ," ಎಂದಳು ಗುಂಡಿ ಅಕ್ಕ, ತಡವರಿಸದೆ. "ಶರ್ಟಿನ ಕಾಲರ್ ಉಜ್ಜೋಕೆ ಇಟ್ಕೊಂಡಿದೀನಿ."

ಹುಡುಗಿ ಅದನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿದಳು. ಬುಡದಲ್ಲಿ ಬಿಳಿ ನೊರೆ ಕಂಡಿತು. "ಕಾಲರಿಗೆ ಪೇಸ್ಟ್ ಹಚ್ತೀರಾ?"

ಕೊನೆಯ ಮಗಳು ಅಮ್ಮನ ಸೆರಗಿನೊಳಗೆ ಮುಖ ಅಡಗಿಸಿದಳು. ಹುಡುಗಿ ಬ್ರಶ್ಶನ್ನು ಅಲ್ಲೇ ಇಟ್ಟು, ಫೈಲಿನಿಂದ ಒಂದು ಹಾಳೆ ತೆಗೆದಳು. ಅದರ ತಲೆಯ ಮೇಲೆ ಸೊಟ್ಟಗೆ ಕತ್ತರಿ ಆಡಿತ್ತು.

"ನೀವು ಕಾಲೇಜಿನವರಲ್ವಾ?" ಎಂದು ಟೀಚರಮ್ಮನತ್ತ ತಿರುಗಿದಳು. "ಇದು ನಿಮ್ಮ ಫಾರಂ. ಇದರಲ್ಲಿ ಆರು ಅಂತ ಇದೆ. ನೀವೇ ಹೇಳಿ, ಏನಂತ ಬರ್ಕೊಳ್ಳಲಿ?"

"ಫಾರಂ ತಪ್ಪು," ಎಂದಳು ಟೀಚರಮ್ಮ.

"ಇದೊಂದೇ ತಪ್ಪಾ?"

ಪ್ರಶ್ನೆ ಸಣ್ಣದಾಗಿ ಬಂತು. ಉತ್ತರ ಹೇಳುವ ಮೊದಲು ಟೀಚರಮ್ಮ ಆ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಇದೊಂದೇ ತಪ್ಪು ಎಂದರೆ ಉಳಿದ ಅರವತ್ತಮೂರೂ ಸರಿ ಎಂದಾಗುತ್ತದೆ. ಹನ್ನೊಂದು ಜನರ ಕೋಣೆ ಸರಿ. ಮಾಮನ 'ಒಂದು' ಸರಿ. ಇವತ್ತು ಹದಿನೇಳು, ನಾಳೆ ಇನ್ನೊಂದು. ಆ ಫಾರಂಗಳಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅವಳೇ ಎರಡೆರಡು ಸಲ ತಾಳೆ ನೋಡಿದ್ದಳು. ಹನ್ನೆರಡು ವರ್ಷ ಪಾಠ ಹೇಳಿ ಅವಳು ಮಾಡಿದ ಒಂದೇ ಒಂದು ಸ್ವಂತ ಕೆಲಸ ಅದು.

"ಎಲ್ಲಾ ತಪ್ಪು," ಎಂದಳು. "ಅವರು ಇನ್ನೂ ಕಲಿಯೋರು. ಎಣಿಸೋದು ಹೇಗೆ ಅಂತ ನಾನೇ ಸರಿಯಾಗಿ ಹೇಳಿಕೊಟ್ಟಿಲ್ಲ. ಬಂದು ಹೋಗೋ ನೆಂಟರನ್ನೂ ಸೇರಿಸಿದಾರೆ, ಇರೋರನ್ನ ಬಿಟ್ಟಿದಾರೆ. ಅದನ್ನ ನಂಬಿ ಏನೂ ಮಾಡೋಕಾಗಲ್ಲ."

"ಬರೆದು ಸಹಿ ಹಾಕಿ ಕೊಡ್ತೀರಾ?"

ಟೀಚರಮ್ಮ ಡ್ರಮ್ಮಿನ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆದಳು. ಮಾಡಿದವರ ಅನನುಭವದಿಂದ ಈ ಸಮೀಕ್ಷೆಯ ಯಾವ ಅಂಕಿಯೂ ನಂಬಲು ತಕ್ಕದ್ದಲ್ಲ. ಕೆಳಗೆ ಹೆಸರು, ತಾರೀಖು. ಹುಡುಗಿ ಅದನ್ನು ಮಡಚಿ ಫೈಲಿಗೆ ಹಾಕಿಕೊಂಡಳು. ಬ್ರಶ್ಶಿನ ಕಡೆಗೆ ಇನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಪಟ್ಟಿಯಲ್ಲಿ 'ಐದು' ಎಂದು ಬರೆದಳು.

ಇಳಿದು ಹೋಗುತ್ತಾಳೆ ಎಂದುಕೊಂಡರೆ, ಎದುರಿಗೆ ತೆರೆದಿದ್ದ ಇಪ್ಪತ್ತೆರಡನೇ ಬಾಗಿಲಲ್ಲಿ ನಿಂತಳು. ಒಳಗೆ ಮಾಮ ಇಸ್ತ್ರಿಯ ಗೆರೆ ಮಾಸದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮುದುಕಿ ಒಲೆಯ ಮುಂದಿದ್ದಳು.

"ಇವರು ಯಾರು?"

"ಅಕ್ಕ," ಎಂದರು ಮಾಮ. "ತಂಗಿ," ಎಂದಳು ಮುದುಕಿ. ಎರಡೂ ಒಂದೇ ಉಸಿರಿಗೆ ಬಂದವು.

ಹಿಂದೆ ನಿಂತಿದ್ದ ಟೀಚರಮ್ಮ ಕಣ್ಣು ಮುಚ್ಚಿಕೊಂಡಳು.

"ಅಕ್ಕನೋ ತಂಗಿಯೋ?"

"ಐವತ್ತು ವರ್ಷದಿಂದ ನಮ್ಮದು ಇದೇ ಜಗಳ ಕಣಮ್ಮ," ಎಂದಳು ಮುದುಕಿ, ಸೌಟು ಹಿಡಿದೇ. "ಹುಟ್ಟಿದ ಕಾಗದ ಇಬ್ಬರ ಹತ್ರಾನೂ ಇಲ್ಲ. ಇವನು ಒಪ್ಪಲ್ಲ, ನಾನು ಬಿಡಲ್ಲ. ನೀನೇ ಮುಖ ನೋಡಿ ಬರ್ಕೋ."

ಹುಡುಗಿಗೆ ನಗು ತಡೆಯಲಾಗಲಿಲ್ಲ. 'ಸಹೋದರಿ' ಎಂದು ಬರೆದುಕೊಂಡು, ಮುಂದಿನ ಸಲ ಒಬ್ಬರ ಗುರುತಿನ ಚೀಟಿಯಾದರೂ ತೆಗೆದಿಡಿ ಎಂದು ಹೇಳಿ ಮೆಟ್ಟಿಲಿಳಿದಳು. ಮುಂದಿನ ಸಲ ಎಂಬ ಮಾತು ಅವಳು ಹೋದ ಮೇಲೂ ಮೊಗಸಾಲೆಯಲ್ಲೇ ಉಳಿಯಿತು.

ಸೋಮವಾರ ಪ್ರಾಂಶುಪಾಲರು ಟೀಚರಮ್ಮನನ್ನು ಕೂರಲು ಹೇಳಲಿಲ್ಲ. ಚಿತ್ರಪಟ ಆಗಲೇ ಗೋಡೆಯಿಂದ ಇಳಿದಿತ್ತು. "ನಿಮ್ಮ ಕೆಲಸಾನ ನೀವೇ ಚರಂಡಿಗೆ ಹಾಕಿದ್ರಿ, ಜೊತೆಗೆ ಕಾಲೇಜಿನ ಮರ್ಯಾದೆನೂ," ಎಂದರು. ಪರೀಕ್ಷೆ ಮುಗಿಯುವ ತನಕ ಮಾತ್ರ ಅವಳನ್ನು ಇಟ್ಟುಕೊಂಡರು. ಮಂಡಳಿ ಆ ಫಾರಂಗಳ ಮೇಲೆ ಇನ್ನು ಯಾರಿಗೂ ನೋಟಿಸು ಕಳಿಸಲಿಲ್ಲ. ಮುಂದಿನ ವರ್ಷ ತಾವೇ ಎಣಿಸುತ್ತೇವೆ ಎಂದು ಕಟ್ಟಡದ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಹೋದರು.

"ಹೋಗಲಿ ಬಿಡು, ಇನ್ಮೇಲೆ ನಮ್ಮ ಮನೆಯವರನ್ನ ಎಣಿಸ್ಕೊಂಡಿರು," ಎಂದ ಗಂಡ. ಅವನ ಕಣ್ಣಿನಲ್ಲಿ ಮಾತ್ರ ನಗುವಿರಲಿಲ್ಲ.

ಗುಂಡಿ ಅಕ್ಕ ಕ್ಲಾಸಿಗೆ ಬರುತ್ತಿದ್ದಳು, ಆದರೆ ಕೊನೆಯ ಬೆಂಚಿಗೆ ಹೋಗಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಪರೀಕ್ಷೆ ಬರೆದಳು, ಪಾಸಾದಳು. ಅದನ್ನು ಹೇಳಲೆಂದು ಟೀಚರಮ್ಮ ಒಂದು ಭಾನುವಾರ ಹದಿನೇಳನೇ ನಂಬರಿಗೆ ಹೋದಾಗ ಬಾಗಿಲು ತೆಗೆದ ನಡುವಿನ ಮಗಳು, "ಅಮ್ಮ ಅಜ್ಜಿ ಮನೇಲಿದಾರೆ," ಎಂದು ಎದುರು ಬಾಗಿಲು ತೋರಿಸಿದಳು.

ಒಂದು ದಿನದ ಮಟ್ಟಿಗೆ ಹೋದ ಮುದುಕಿ ವಾಪಸು ಬಂದಿರಲೇ ಇಲ್ಲ. ಮೊದಲು ಇನ್ನೊಂದು ತನಿಖೆಯ ಭಯಕ್ಕೆ ಒಂದು ವಾರ ಎಂದರು. ಆಮೇಲೆ ಮುದುಕಿಯೇ, ಇಲ್ಲಿ ಕಾಲು ಚಾಚಿದರೆ ಗೋಡೆ ತಗಲುವುದಿಲ್ಲ, ಈ ಮನುಷ್ಯ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ ಎನ್ನತೊಡಗಿದಳು. ಕಟ್ಟಡದಲ್ಲಿ ಕೆಲವರು ಬಾಯಿಗೆ ಬಂದ ಹಾಗೆ ಆಡಿಕೊಂಡರು. ಮಾಮ ತಲೆ ತಗ್ಗಿಸಿ ಓಡಾಡಿದರು, ಮುದುಕಿ ತಗ್ಗಿಸಲಿಲ್ಲ.

ಟೀಚರಮ್ಮ ಒಳಗೆ ಹೋದಾಗ ಗುಂಡಿ ಅಕ್ಕ ಅತ್ತೆಯ ತಲೆ ಬಾಚುತ್ತಿದ್ದಳು. ಪಾಸಾದ ಸುದ್ದಿಗೆ ಬಾಚಣಿಗೆ ಒಂದು ಗಳಿಗೆ ನಿಂತು ಮತ್ತೆ ಓಡಿತು.

"ಮೇಲ್ವಿಚಾರಕಿ ಆದ್ರೆ ಪಾಳಿ ಬದಲಾಗುತ್ತೆ," ಎಂದಳು ಯಾರ ಕಡೆಗೂ ನೋಡದೆ. "ಆಗ ಬೆಳಿಗ್ಗೆ ಬರೋಕಾಗಲ್ಲ. ಇವರ ತಲೆ ಯಾರು ಬಾಚ್ತಾರೆ?" ಸಿಕ್ಕು ಬಿಡಿಸುತ್ತಾ, "ನಾನೇ ಹೊರಗೆ ಹಾಕಿದೆ ಅಂತ ಜನ ಅಂತಾರೆ ಟೀಚರಮ್ಮ. ನನಗೂ ಒಮ್ಮೊಮ್ಮೆ ಹಾಗೇ ಅನ್ಸುತ್ತೆ. ಆ ಶುಕ್ರವಾರ ನಾನೂ ಸೂರು ನೋಡ್ತಾ ಇದ್ದೆನಲ್ಲ."

"ನೋಡಿದೆ, ಸರಿ," ಎಂದಳು ಮುದುಕಿ. "ನಾನೂ ನಿನ್ನ ವಯಸ್ಸಿನಲ್ಲಿ ನಮ್ಮತ್ತೆ ಕೂತಾಗ ಬೇಕಾದಷ್ಟು ಸೂರು ನೋಡಿದೀನಿ. ಜಡೆ ಬಿಗಿ ಮಾಡು."

ಮಾಮ ಚಹಾ ಸೋಸಿದರು. ಲೋಟವನ್ನು ಟೀಚರಮ್ಮನ ಕೈಗೆ ಕೊಟ್ಟದ್ದು ಗುಂಡಿ ಅಕ್ಕ. ಕೊಟ್ಟು ಪಕ್ಕದಲ್ಲೇ ಕೂತಳು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನಾಲ್ವರೂ ಒಟ್ಟಿಗೆ ಸ್ತಬ್ಧರಾದರು. ಮಾಮ ಎದ್ದು ಅಂಗಿಯ ಗುಂಡಿ ಹಾಕಿಕೊಂಡರು. ಗುಂಡಿ ಅಕ್ಕ ಬಾಚಣಿಗೆಯನ್ನು ಸೆರಗಿನೊಳಗೆ ಮುಚ್ಚಿದಳು.

"ಅಜ್ಜೀ," ಎಂದು ಕೊನೆಯ ಮಗಳ ದನಿ ಕೇಳಿಸಿತು. "ಅಪ್ಪ ಊಟಕ್ಕೆ ಕರೀತಿದಾರೆ. ಎಲ್ಲರೂ ಬರಬೇಕಂತೆ."

"ಅಲ್ಲಿ ಜಾಗ ಎಲ್ಲಿದೆ? ತಟ್ಟೆ ತಗೊಂಡು ಅವರಿಗೇ ಇಲ್ಲಿಗೆ ಬರೋಕೆ ಹೇಳು," ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ಒಬ್ಬೊಬ್ಬರಾಗಿ ಬನ್ನಿ," ಎಂದಳು.